ಜರ್ಮನಿ ಕಾಡಲ್ಲಿ ವಿಚಿತ್ರ ಗಿಡ ಕಂಡ್ರೆ ಏನ್ ಮಾಡ್ಬೇಕು (ಹೊಸಬರಿಗೆ)

ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಇಲ್ಲಿಗೆ ಹೊಸದಾಗಿ ಬಂದೋರು ಬೇರ್‌ಲೌಖ್ (ಕಾಡು ಬೆಳ್ಳುಳ್ಳಿ ಸೊಪ್ಪು) ಕೀಳೋಕೆ ಚೀಲ ಹಿಡ್ಕೊಂಡು ಕಾಡಿಗೆ ಹೊರಡ್ತಾರೆ. ನಾನೂ ಹೊರಟಿದ್ದೆ, ಕಾಡು ಪೂರ್ತಿ ಬೆಳ್ಳುಳ್ಳಿ ವಾಸನೆ, ಚಟ್ನಿಗೆ ಸಕತ್ತಾಗಿರತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದರ ಪಕ್ಕದಲ್ಲೇ, ಎಲೆ ನೋಡೋಕೆ ಅದೇ ಥರ ಇರೋ ಹೆರ್ಬ್ಸ್ಟ್‌ತ್ಸೈಟ್‌ಲೋಝೆ ಅಂತ ಒಂದು ಬೆಳೆಯತ್ತೆ ನೋಡಿ, ಅದೊಂಥರ ಉಲ್ಟಾ ಗಿಡ, ವಸಂತದಲ್ಲಿ ಬರೀ ಎಲೆ ಮತ್ತು ಕಾಯಿ, ಆಮೇಲೆ ಎಲ್ಲ ಒಣಗಿ ಹೋಗಿ ಸೆಪ್ಟೆಂಬರ್ ಹೊತ್ತಿಗೆ ಒಂದೂ ಎಲೆ ಇಲ್ದೆ ನೆಲದಿಂದ ಸೀದಾ ತಿಳಿ ನೇರಳೆ ಹೂವು ಎದ್ದು ನಿಲ್ಲತ್ತೆ. ನಮ್ಮೂರಿನ ಅಗ್ನಿಶಿಖೆ, ಅದೇ ಗೌರಿ ಹೂ, ಅದರದ್ದೇ ಕುಟುಂಬ, ವಿಷಾನೂ ಅದೇ ಕೊಲ್ಚಿಸಿನ್. ತಿಂದ ತಕ್ಷಣ ಏನೂ ಗೊತ್ತಾಗಲ್ಲ, ಗಂಟೆಗಳಾದ್ಮೇಲೆ ವಾಂತಿ ಭೇದಿ ಶುರುವಾಗತ್ತೆ, ಪ್ರಾಣಾನೂ ಹೋಗ್ಬಹುದು.

ವಾಸನೆ ನೋಡಿ ಕಿತ್ರಾಯ್ತು ಅಂತೀರಾ? ಎರಡು ಬೇರ್‌ಲೌಖ್ ಕಿತ್ತ ಮೇಲೆ ಕೈಯೇ ಬೆಳ್ಳುಳ್ಳಿ ನಾರತ್ತೆ, ಆಮೇಲೆ ಯಾವ ಎಲೆ ಮೂಸಿದ್ರೂ ಅದೇ! ಬುಡ ನೋಡಿ. ಬೇರ್‌ಲೌಖ್‌ಗೆ ಒಂದೊಂದು ಎಲೆಗೂ ತನ್ನದೇ ತೊಟ್ಟು ಇರತ್ತೆ, ಹೆರ್ಬ್ಸ್ಟ್‌ತ್ಸೈಟ್‌ಲೋಝೆಗೆ ತೊಟ್ಟೇ ಇಲ್ಲ, ಎಲೆಗಳೆಲ್ಲ ಒಟ್ಟಿಗೆ ಗೊಂಚಲಾಗಿ ಎದ್ದಿರತ್ತೆ. ಮೈಗ್ಲೋಕ್‌ಶೆನ್ ಅಂತ ಇನ್ನೊಂದು ವಿಷದ್ದು, ಅದಕ್ಕೆ ಒಂದೇ ಕಾಂಡಕ್ಕೆ ಎರಡು ಮೂರು ಎಲೆ. ಡೌಟಿದ್ರೆ ಬಿಟ್ಬಿಡಿ, ಸೂಪರ್‌ಮಾರ್ಕೆಟಲ್ಲಿ ಸಿಗತ್ತೆ. ತಿಂದೇಬಿಟ್ಟಿದ್ರೆ 112ಗೆ ಫೋನ್ ಮಾಡಿ.

ಅದೇ ಜಾಗದಲ್ಲಿ ಆರೋನ್‌ಷ್ಟಾಬ್ ಅನ್ನೋ ಇನ್ನೊಂದು ವಿಷದ ಗಿಡ ಕೂಡ ಸಿಗತ್ತೆ. ಮೊದಲ ಸಲ ನೋಡ್ದಾಗ ನನಗೆ ಸುವರ್ಣಗಡ್ಡೆ ಹೂವೇ ನೆನಪಾಯ್ತು, ಆಮೇಲೆ ಗೊತ್ತಾಯ್ತು ಎರಡೂ ನೆಂಟರೇ ಅಂತ. ತಿಳಿ ಹಸಿರು ಕುಲಾವಿ ಒಳಗೆ ಒಂದು ಕೋಲು, ಆ ಕೋಲು ಬಿಸಿಯಾಗಿ ಕೊಳೆತ ವಾಸನೆ ಬಿಡತ್ತೆ, ಅದಕ್ಕೆ ಸಣ್ಣ ನೊಣಗಳು ಬಂದು ಒಳಗೆ ಜಾರಿ ಬೀಳ್ತವೆ, ರಾತ್ರಿಯೆಲ್ಲ ಲಾಕಪ್ಪು, ಮಾರನೇ ದಿನ ಮೈತುಂಬ ಪರಾಗ ಮೆತ್ಕೊಂಡು ಬಿಡುಗಡೆ. ಬೇಸಿಗೆ ಕೊನೆಗೆ ಕೆಂಪು ಹಣ್ಣಿನ ಗೊನೆ ಬಿಡತ್ತೆ, ಮಕ್ಕಳಿದ್ರೆ ಹುಷಾರು. ಕೆಸು ತಿಂದ್ರೆ ನಾಲಿಗೆ ತುರಿಸೋದು ಯಾವ ಹರಳಿಂದಾನೋ ಇದರಲ್ಲೂ ಅದೇ ಇದೆ, ಹುಣಸೆಹುಳಿ ಹಾಕಿ ಬೇಯಿಸಿ ನೋಡೋಣ ಅನ್ನೋ ಮಲೆನಾಡ ಬುದ್ಧಿ ಇಲ್ಲಿ ಬೇಡ.

ನೊಣ ತಿನ್ನೋ ಗಿಡಾನೇ ನೋಡ್ಬೇಕು ಅಂದ್ರೆ ಮಧ್ಯ ಜರ್ಮನಿಯ ರ‍್ಹೋನ್ ಬೆಟ್ಟದಲ್ಲಿರೋ ಶ್ವಾರ್ತ್ಸೆಸ್ ಮೋರ್‌ಗೆ ಹೋಗಿ, ಜೌಗು ನೆಲದ ಮೇಲೆ ಮರದ ಹಲಗೆ ದಾರಿ ಹಾಕಿದ್ದಾರೆ. ಅಲ್ಲಿ ಝೋನೆನ್‌ಟೌ ಇದೆ, ನಾಣ್ಯಕ್ಕಿಂತ ಚಿಕ್ಕ ಎಲೆ, ಕೆಂಪು ಕೂದಲ ತುದೀಲಿ ಅಂಟಿನ ಹನಿ. ಬಗ್ಗಿ ನೋಡ್ದಿದ್ರೆ ಕಾಣೋದೇ ಇಲ್ಲ. ಹಲಗೆಯಿಂದ ಕೆಳಗೆ ಕಾಲಿಡ್ಬೇಡಿ.

ಕೀಳೋ ವಿಷಯ: ಸಾಮಾನ್ಯ ಗಿಡ ಆದ್ರೆ ಸ್ವಂತಕ್ಕೆ ಒಂದು ಹಿಡಿಯಷ್ಟು ಕೀಳಬಹುದು, ಕಾನೂನೇ ಬಿಡತ್ತೆ. ಝೋನೆನ್‌ಟೌ, ಆರ್ಕಿಡ್ ಥರದ ಸಂರಕ್ಷಿತ ಗಿಡ ಮುಟ್ಟಂಗಿಲ್ಲ, Naturschutzgebiet (ಪ್ರಕೃತಿ ಸಂರಕ್ಷಿತ ಪ್ರದೇಶ) ಅಂತ ಬರೆದ ಹಸಿರು ಅಂಚಿನ ತ್ರಿಕೋನ ಬೋರ್ಡ್ ಇರೋ ಕಡೆ ಏನೂ ಕೀಳಂಗಿಲ್ಲ, ದಂಡ ಬೀಳತ್ತೆ.

ನನ್ನ ಫೇವರಿಟ್ ಮಾತ್ರ ಝಿಲ್ಬರ್‌ಡಿಸ್ಟೆಲ್ ಅನ್ನೋ ಮುಳ್ಳುಗಿಡ, ದಕ್ಷಿಣ ಜರ್ಮನಿಯ ಬೆಟ್ಟಸಾಲು ಶ್ವೇಬಿಶೆ ಆಲ್ಬ್‌ನ ಕುರಿ ಮೇಯೋ ಗುಡ್ಡದಲ್ಲಿ ಆಗಸ್ಟಲ್ಲಿ ಸಿಗತ್ತೆ. ಹೂವು ಕಾಂಡಾನೇ ಇಲ್ದಂಗೆ ಬೆಳ್ಳಿ ತಟ್ಟೆ ನೆಲದ ಮೇಲೆ ಇಟ್ಟಂಗಿರತ್ತೆ, ಗಾಳೀಲಿ ತೇವ ಏರಿದ್ರೆ ಮುಚ್ಕೊಳತ್ತೆ. ಅದು ಮುಚ್ಚಿದ್ದು ಕಂಡ್ರೆ ಜಾಕೆಟ್ ಹಾಕ್ಕೊಳ್ಳಿ, ನಾನು ನಕ್ಕು ಮುಂದೆ ಹೋಗಿ ಪೂರ್ತಿ ನೆಂದು ಬಂದಿದೀನಿ.