ಅರಸರ ಹೆಸರಿನಲ್ಲಿ ನಡೆಯುವ ಆಡಳಿತ: ಬ್ರಿಟನ್ನಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ತೆರಿಗೆ ಇಲಾಖೆಯಿಂದ ಬರುವ ಪತ್ರದಲ್ಲಿ ಇಲಾಖೆಯ ಹೆಸರಿಗೆ ಮುನ್ನ ‘ಎಚ್‌ಎಂ’ ಎಂಬ ಎರಡಕ್ಷರ ಇರುತ್ತದೆ. ಅದು ಅರಸರನ್ನು ಸೂಚಿಸುತ್ತದೆ. ಬ್ರಿಟಿಷ್ ಪಾಸ್‌ಪೋರ್ಟಿನ ಒಳಪುಟದ ಒಕ್ಕಣೆಯೂ ಅರಸರ ಹೆಸರಿನಲ್ಲಿಯೇ ಇದೆ. ಹಾಗೆಂದು ನಮ್ಮ ತೆರಿಗೆಯನ್ನಾಗಲಿ ವೀಸಾವನ್ನಾಗಲಿ ಅರಸರು ತೀರ್ಮಾನಿಸುವುದಿಲ್ಲ.

ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವ ಅಥವಾ ಕಾನೂನನ್ನು ಅಮಾನತಿನಲ್ಲಿಡುವ ಅಧಿಕಾರ ಅರಸರಿಗಿಲ್ಲವೆಂದು 1689ರ ಹಕ್ಕುಗಳ ಕಾಯ್ದೆಯೇ ಹೇಳಿದೆ. ಮಸೂದೆಗೆ ಅಂಕಿತ ಹಾಕುವುದು, ಪ್ರಧಾನಿಯನ್ನು ನೇಮಿಸುವುದು, ಸಂಸತ್ತನ್ನು ವಿಸರ್ಜಿಸುವುದು ಇಂದಿಗೂ ಕಾನೂನಿನ ಪ್ರಕಾರ ಅರಸರ ಕೆಲಸಗಳೇ. ಆದರೆ ಅಂಕಿತವನ್ನು ಕೊನೆಯ ಬಾರಿಗೆ ನಿರಾಕರಿಸಿದ್ದು ಆನ್ ರಾಣಿ, ಅದೂ 1708ರಲ್ಲಿ. ಭಾರತದ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂದು ನಮ್ಮ ಸಂವಿಧಾನದ 74ನೇ ವಿಧಿಯಲ್ಲಿ ಬರೆದೇ ಇದೆ; ಇಲ್ಲಿ ಅದೇ ಕಟ್ಟುಪಾಡು ಬಹುಮಟ್ಟಿಗೆ ರೂಢಿಯ ಬಲದಿಂದ ನಿಂತಿದೆ ಎಂಬುದು ನಮ್ಮವರಿಗೆ ಮೊದಮೊದಲು ಸೋಜಿಗವೆನಿಸುತ್ತದೆ.

ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂಬುದು 2019ರಲ್ಲಿ ಸ್ಪಷ್ಟವಾಗಿ ಕಂಡಿತು. ಪ್ರಧಾನಿಯ ಸಲಹೆಯಂತೆ ರಾಣಿ ಎಲಿಜಬೆತ್ ಸಂಸತ್ತಿನ ಅಧಿವೇಶನವನ್ನು ಸುಮಾರು ಐದು ವಾರ ಮುಂದೂಡಿದಾಗ, ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಆ ಸಲಹೆಯೇ ಕಾನೂನುಬಾಹಿರವೆಂದು ತೀರ್ಪಿತ್ತು, ಮುಂದೂಡಿಕೆ ನಡೆದೇ ಇಲ್ಲವೆಂದು ಪರಿಗಣಿಸಬೇಕೆಂದರು. ಸಹಿ ಅರಸೊತ್ತಿಗೆಯದಾದರೂ ನ್ಯಾಯಾಲಯ ಪರಿಶೀಲಿಸಿದ್ದು ಪ್ರಧಾನಿಯ ನಿರ್ಧಾರವನ್ನು; ಈ ವ್ಯತ್ಯಾಸವನ್ನು ದಯವಿಟ್ಟು ಮನದಲ್ಲಿಟ್ಟುಕೊಳ್ಳಿ.

ಆದ್ದರಿಂದ ವೀಸಾ ಅರ್ಜಿ ತಿಂಗಳುಗಟ್ಟಲೆ ಬಾಕಿ ಉಳಿದರೆ ಅರಮನೆಗೆ ಮನವಿ ಬರೆಯುವುದರ ಬದಲು, ನೀವು ವಾಸಿಸುವ ಕ್ಷೇತ್ರದ ಸಂಸದರಿಗೆ ಬರೆಯಿರಿ. ನೀವು ಅವರಿಗೆ ಮತ ಹಾಕಿರಲೇಬೇಕೆಂದೇನೂ ಇಲ್ಲ.

ಮುಂದೆ ಬ್ರಿಟಿಷ್ ಪೌರತ್ವ ಪಡೆಯುವ ವಯಸ್ಕರು ಸಮಾರಂಭದಲ್ಲಿ ಅರಸ ಚಾರ್ಲ್ಸ್ ಹಾಗೂ ಅವರ ಉತ್ತರಾಧಿಕಾರಿಗಳಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗುತ್ತದೆ. ದೇವರ ಹೆಸರು ಬೇಡವೆನ್ನುವವರು ಬೇರೆ ಒಕ್ಕಣೆಯನ್ನು ಆರಿಸಿಕೊಳ್ಳಬಹುದು. ಮತದಾನಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ, 18 ತುಂಬಿದ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಸಂಸತ್ ಚುನಾವಣೆಯಲ್ಲಿಯೂ ಮತ ಹಾಕಬಹುದು. ಮನೆಯ ವಿಳಾಸ ಖಚಿತವಾದ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ.