ಕಾಫಿ ಪೊಟ್ಟಣಕ್ಕೆ ಕ್ಲಾರೆಂಡನ್ ಅಕ್ಷರ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಡಿಟಿಪಿ ಮತ್ತು ಪ್ಯಾಕೇಜಿಂಗ್ ವಿನ್ಯಾಸದ ಕೆಲಸ ಮಾಡುವ ನನ್ನಲ್ಲಿಗೆ ಬರುವವರಲ್ಲಿ ಕಾಫಿಪುಡಿ ಮಾರುವವರು, ತೋಟದ ಮಾಲೀಕರು ಮತ್ತು ಹೋಂಸ್ಟೇ ನಡೆಸುವವರೇ ಹೆಚ್ಚು. ಹೆಸರು ದಪ್ಪಗೆ ಕಾಣಬೇಕು, ಜೊತೆಗೆ ಹಳೆಯ ಮನೆತನದ ಗಾಂಭೀರ್ಯವೂ ಇರಬೇಕು ಎಂಬುದು ಬಹುಮಟ್ಟಿಗೆ ಎಲ್ಲರ ಬೇಡಿಕೆ. ಇಂಗ್ಲಿಷ್ ಹೆಸರುಗಳ ಮಟ್ಟಿಗೆ ಇದನ್ನು ನಾನು ಕ್ಲಾರೆಂಡನ್ ಜಾತಿಯ, ಗೀಟುಗಳ ತುದಿಗೆ ಅಡ್ಡಪಟ್ಟಿಯಿರುವ ದಪ್ಪ ಅಕ್ಷರಗಳಿಂದ ಪೂರೈಸುತ್ತ ಬಂದಿದ್ದೇನೆ.

ಕ್ಲಾರೆಂಡನ್ ಅನ್ನು 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚುಮೊಳೆ ಕಾರ್ಖಾನೆಯಿಂದ ಹೊರತಂದವನು ರಾಬರ್ಟ್ ಬೆಸ್ಲಿ. ಅಕ್ಷರಗಳನ್ನು ಉಕ್ಕಿನಲ್ಲಿ ಕೊರೆದವನು ಬೆಂಜಮಿನ್ ಫಾಕ್ಸ್. ವಿನ್ಯಾಸಕ್ಕೆ ಕಾನೂನಿನ ರಕ್ಷಣೆ ದೊರೆತದ್ದು ಮೂರೇ ವರ್ಷ, ಅದು ಮುಗಿದೊಡನೆ ಉಳಿದ ಕಾರ್ಖಾನೆಗಳು ನಕಲು ಮಾಡತೊಡಗಿದವು. ಈ ಚರಿತ್ರೆಯಲ್ಲಿ ನನ್ನ ಕೆಲಸಕ್ಕೆ ಉಪಯೋಗವಾಗುವ ಸಂಗತಿ ಒಂದಿದೆ. ಸಾಮಾನ್ಯ ಅಕ್ಷರಗಳ ಸಾಲಿನ ನಡುವೆ ಒಂದು ಪದ ಮಾತ್ರ ಎದ್ದು ಕಾಣುವಂತೆ, ಉದಾಹರಣೆಗೆ ನಿಘಂಟಿನ ಮುಖ್ಯಪದಗಳಿಗೆ, ಬಳಸಲು ಯೋಗ್ಯವಾಗಿ ರೂಪುಗೊಂಡ ಅಕ್ಷರವಿದು. ಆದ್ದರಿಂದ ಅಕ್ಕಪಕ್ಕದಲ್ಲಿ ತೆಳುವಾದ ಬೇರೆ ಅಕ್ಷರಗಳಿದ್ದಾಗಲೇ ಇದರ ಬಲ ಗೊತ್ತಾಗುತ್ತದೆ. ಪೊಟ್ಟಣದ ಮೇಲಿನ ಎಲ್ಲವನ್ನೂ ಇದರಲ್ಲೇ ಹಾಕಿದರೆ ಯಾವುದೂ ದಪ್ಪವಾಗಿ ಕಾಣುವುದಿಲ್ಲ.

ಗೀಟಿನ ತುದಿಯಲ್ಲಿರುವ ಅಡ್ಡಪಟ್ಟಿಯನ್ನು ಸೆರಿಫ್ ಎನ್ನುತ್ತಾರೆ. ಕ್ಲಾರೆಂಡನ್‌ನಲ್ಲಿ ಅದು ದಪ್ಪವಾಗಿದ್ದು, ಗೀಟನ್ನು ಚೂಪಾದ ಮೂಲೆಯಲ್ಲಿ ಸೇರದೆ ಬಾಗುತ್ತ ಬಂದು ಕೂಡಿಕೊಳ್ಳುತ್ತದೆ. ದಪ್ಪ ಗೀಟಿಗೂ ತೆಳು ಗೀಟಿಗೂ ವ್ಯತ್ಯಾಸ ಕಡಿಮೆ. ಚಿಕ್ಕಕ್ಷರಗಳಾದ ಎ, ಸಿ, ಎಫ್, ಆರ್‌ಗಳ ತುದಿಗಳು ಉರುಟಾದ ಗುಂಡುಗಳಲ್ಲಿ ಮುಗಿಯುತ್ತವೆ. ಅಂಕಿಗಳಂತೂ ಬಹಳ ಚೆಂದ. 250 ಗ್ರಾಂ, 500 ಗ್ರಾಂ ಎಂಬ ತೂಕವನ್ನು ಇದರಲ್ಲಿ ಹಾಕುವುದು ನನಗೆ ಇಂದಿಗೂ ಇಷ್ಟದ ಕೆಲಸ. ನಾನು ಬಳಸುವುದು ಓವನ್ ಅರ್ಲ್ ರೂಪಿಸಿದ, ‘ಬೆಸ್ಲಿ’ ಎಂದೇ ಹೆಸರಿಟ್ಟಿರುವ ಫಾಂಟನ್ನು. ಅದು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತದೆ, ಸಾಧಾರಣದಿಂದ ಅತಿದಪ್ಪದವರೆಗೆ ಹಲವು ತೂಕಗಳು, ಅಂದರೆ ದಪ್ಪದ ಮಟ್ಟಗಳು, ಇವೆ. ಗಿರಾಕಿಯ ಮೇಲೆ ಫಾಂಟಿನ ಖರ್ಚು ಹೊರಿಸುವ ಪ್ರಮೇಯವಿಲ್ಲ.

ತೂಕಗಳು ಹಲವಿರುವುದರ ಪ್ರಯೋಜನ ಮುದ್ರಣದಲ್ಲಿ ತಿಳಿಯುತ್ತದೆ. ಕಡುಕಂದು ಪೌಚಿನ ಮೇಲೆ ಬಿಳಿಯ ಹೆಸರು ಬರಬೇಕಾದಾಗ ಸುತ್ತಲಿನ ಶಾಯಿ ಹರಡಿ ಅಕ್ಷರವನ್ನು ಒಳಕ್ಕೆ ತಿನ್ನುತ್ತದೆ, ಆದ್ದರಿಂದ ಅಲ್ಲಿ ಒಂದು ಮಟ್ಟ ಹೆಚ್ಚು ದಪ್ಪವನ್ನು ಆರಿಸುತ್ತೇನೆ. ಬಿಳಿ ಕಾಗದದ ಮೇಲೆ ಕಂದು ಅಕ್ಷರವಾದರೆ ಅದೇ ಶಾಯಿ ಅಕ್ಷರದ ಒಳಗಿನ ಖಾಲಿ ಜಾಗವನ್ನು ಮುಚ್ಚತೊಡಗುವುದರಿಂದ ಒಂದು ಮಟ್ಟ ಇಳಿಸುತ್ತೇನೆ. ಕಾಫಿ–ಚಿಕೋರಿ ಮಿಶ್ರಣದ ಪೊಟ್ಟಣದಲ್ಲಿ ಎರಡರ ಶೇಕಡಾ ಪ್ರಮಾಣವನ್ನೂ ನಮೂದಿಸಬೇಕು, ಚಿಕೋರಿ ಶೇ. 49ನ್ನು ಮೀರುವಂತಿಲ್ಲ. ಈ ಸಾಲನ್ನು ನಾನು ಕ್ಲಾರೆಂಡನ್‌ನಲ್ಲಿ ಹಾಕುವುದಿಲ್ಲ. ಅಷ್ಟು ಸಣ್ಣ ಅಳತೆಗೆ ಸೆರಿಫ್ ಇಲ್ಲದ ಸರಳ ಅಕ್ಷರವೇ ಲೇಸು, ಕೊಳ್ಳುವವರು ಓದಲೇಬೇಕಾದ ಸಾಲು ಅದು.

ಗೋಣಿಚೀಲದ ಮೇಲೆ ಈ ಅಕ್ಷರದ ಗಟ್ಟಿತನ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸೆಣಬಿನ ನೇಯ್ಗೆಯ ಮೇಲೆ ಬೊಡೋನಿಯಂಥ ಅಕ್ಷರಗಳ ಕೂದಲೆಳೆಯ ಸೆರಿಫ್‌ಗಳು ಕಾಣದೇ ಹೋಗುತ್ತವೆ, ಕ್ಲಾರೆಂಡನ್‌ನ ದಪ್ಪ ಪಾದಗಳು ನಿಲ್ಲುತ್ತವೆ. ಕೊರೆದ ತಗಡನ್ನಿಟ್ಟು ಬಣ್ಣ ಹಚ್ಚುವುದಾದರೆ ಓ, ಎ, ಬಿ ಮುಂತಾದವುಗಳ ಒಳಭಾಗ ಕಳಚಿ ಬೀಳದಂತೆ ಸೇತುವೆಗಳನ್ನು ಬಿಡಬೇಕಾಗುತ್ತದೆ. ನಾನು ಅವನ್ನು ಅಕ್ಷರದ ತೀರ ತೆಳುವಾದ ಕಡೆಯಲ್ಲಿಯೇ ಇಡುತ್ತೇನೆ. ದಪ್ಪ ಗೀಟಿನ ನಡುವೆ ಇಟ್ಟರೆ ಹೆಸರು ಮುರಿದ ಬಳೆಯಂತೆ ಕಾಣುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಕನ್ನಡದ ಜೊತೆ ಹೊಂದಿಸುವ ಕೆಲಸ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಹೀಗಾಗಿ ಹೋಂಸ್ಟೇ ಫಲಕದಲ್ಲಿ ಇಂಗ್ಲಿಷಿಗೆ ಉಳಿಯುವ ಜಾಗ ಚಿಕ್ಕದು, ಆ ಚಿಕ್ಕ ಜಾಗದಲ್ಲೂ ದೂರದಿಂದ ಓದಿಸಿಕೊಳ್ಳುವುದು ಕ್ಲಾರೆಂಡನ್‌ನ ಗುಣ. ಮೇಲಿನ ಕನ್ನಡಕ್ಕೆ ನಾನು ‘ನೋಟೋ ಸೆರಿಫ್ ಕನ್ನಡ’ ಎಂಬ ಫಾಂಟಿನ ದಪ್ಪ ರೂಪವನ್ನು ಆರಿಸಿ, ಎರಡೂ ಲಿಪಿಗಳ ದಪ್ಪ ಗೀಟುಗಳು ಒಂದೇ ಅಗಲಕ್ಕೆ ಬರುವವರೆಗೆ ಅಳತೆಯನ್ನು ಹೊಂದಿಸುತ್ತೇನೆ. ಅಕ್ಷರದ ಗಾತ್ರವನ್ನು ಅಳೆಯುವ ಪಾಯಿಂಟ್ ಲೆಕ್ಕವನ್ನು ನಂಬುವುದಿಲ್ಲ, ಏಕೆಂದರೆ ಒಂದೇ ಪಾಯಿಂಟಿನ ಎರಡು ಲಿಪಿಗಳು ಕಣ್ಣಿಗೆ ಒಂದೇ ಗಾತ್ರದಲ್ಲಿ ಕಾಣುವುದು ಅಪರೂಪ. ಕ್ಲಾರೆಂಡನ್‌ನ ಗುಂಡುತುದಿಗಳೂ ಕನ್ನಡದ ಬಳುಕಿನ ಸುರುಳಿಗಳೂ ಪರಸ್ಪರ ಜಗಳವಾಡುವುದಿಲ್ಲ. ತೊಡಕು ಬರುವುದು ಒತ್ತಕ್ಷರಗಳಿಂದ. ‘ಚಿಕ್ಕಮಗಳೂರು’ ಎಂದು ಬರೆದ ಕೂಡಲೇ ಕ ಒತ್ತು ಕೆಳಗಿಳಿದು ಇಂಗ್ಲಿಷಿನ ದೊಡ್ಡಕ್ಷರಗಳ ನೆತ್ತಿಯನ್ನು ಮುಟ್ಟಲು ಬರುತ್ತದೆ. ಆದ್ದರಿಂದ ಸಾಲುಗಳ ಅಂತರವನ್ನು ಒತ್ತಿನ ತಳದಿಂದ ಅಳೆಯುತ್ತೇನೆ, ಮತ್ತು ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವ ರೂಢಿಯನ್ನು ಬಿಡಲು ಗಿರಾಕಿಗಳನ್ನು ಒಪ್ಪಿಸಲು ನೋಡುತ್ತೇನೆ. ತೋಟದ ಮಾಲೀಕರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಬೇರೆ ಮಾತು.

ಲಗ್ನಪತ್ರಿಕೆಗೆ ಈ ಅಕ್ಷರ ಬೇಡ. ಕೇಳಿದವರಿಗೂ ಹಾಕಿಕೊಡಲು ನನಗೆ ಮನಸ್ಸಾಗುವುದಿಲ್ಲ. ಅದು ಅಲ್ಲಿ ಹರಾಜಿನ ಪ್ರಕಟಣೆಯ ಧಾಟಿಯಲ್ಲಿ ಮಾತನಾಡುತ್ತದೆ. ಮೂರ್ನಾಲ್ಕು ಪದಗಳನ್ನು ಮೀರಿದ ಘೋಷವಾಕ್ಯಕ್ಕೂ ಹಾಗೆಯೇ, ಹೆಸರನ್ನು ಮಾತ್ರ ಕ್ಲಾರೆಂಡನ್‌ನಲ್ಲಿ ಉಳಿಸಿ ಮಿಕ್ಕದ್ದನ್ನು ಹಗುರವಾದ ಅಕ್ಷರಕ್ಕೆ ಬದಲಿಸಿ ಕೊಡುತ್ತೇನೆ.