ಬಟನ್ ಹಾಕಲು ಒದ್ದಾಡುವ ಮಗುವಿಗೆ ಕೊನೆಯಿಂದ ಕಲಿಸಿ

ಜೂನ್‌ನಲ್ಲಿ ಶಾಲೆ ಶುರುವಾದರೆ ಸಾಕು, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಒಂದೇ ಗಲಾಟೆ. ಬಸ್ಸು ಬರುವ ಹೊತ್ತಾಯಿತು, ಎರಡನೇ ಕ್ಲಾಸಿನ ಹುಡುಗನ ಬಟನ್ ಇನ್ನೂ ಹಾಕಿ ಆಗಿಲ್ಲ. ಅಮ್ಮನೋ ಅಜ್ಜಿಯೋ ಬಂದು ಟಕಟಕನೆ ಹಾಕಿ ಕಳಿಸುತ್ತಾರೆ. ಹೀಗಾದರೆ ಅವನು ಕಲಿಯುವುದು ಯಾವಾಗ?

ಕೆಲವು ಮಕ್ಕಳಿಗೆ ಎರಡು ಕೈ ಒಟ್ಟಿಗೆ ಮಾಡುವ ಕೆಲಸ ಸುಲಭಕ್ಕೆ ಹಿಡಿತಕ್ಕೆ ಸಿಗುವುದಿಲ್ಲ. ಇಂಥ ತೊಡಕು ದಿನದ ಕೆಲಸಗಳಿಗೇ ಅಡ್ಡಿಯಾಗುವಷ್ಟಿದ್ದರೆ ವೈದ್ಯರು ಅದನ್ನು ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್, ಅಂದರೆ ಕೈಕಾಲು ಹೊಂದಿಸಿ ಆಡಿಸುವ ತೊಡಕು) ಅಥವಾ ಡಿಸ್‌ಪ್ರಾಕ್ಸಿಯಾ ಅನ್ನುತ್ತಾರೆ. 5ರಿಂದ 11 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಗೆ ಇರುತ್ತದೆಂದು ಅಂದಾಜು. ಇದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಬೇರೆ ಮಕ್ಕಳು ಸುಮ್ನೆ ನೋಡಿ ಕಲಿಯುವುದನ್ನು ಇವರಿಗೆ ಬಿಡಿಸಿ ಬಿಡಿಸಿ ಕಲಿಸಬೇಕು.

ಹೊಸ ಯೂನಿಫಾರ್ಮಿನ ಕಾಜಾ ಬಿಗಿ ಇರುತ್ತದೆ. ಕಲಿಯಲು ದೊಡ್ಡ ಬಟನ್ನಿನ ಹಳೆ ಅಂಗಿಯೇ ಬೇಕು. ಅಭ್ಯಾಸಕ್ಕೆಂದು ಅಂಗಡಿಯಲ್ಲಿ ಸಿಗುವ ಬಟನ್ ಹಲಗೆಗೆ ದುಡ್ಡು ಹಾಕಬೇಡಿ. ಹಲಗೆಯಲ್ಲಿ ಕಲಿತದ್ದು ಮೈಮೇಲಿನ ಅಂಗಿಗೆ ಬರುವುದು ಕಷ್ಟ. ರಜೆಯ ದಿನ ಹತ್ತು ನಿಮಿಷ ಕೂತರೆ ಸಾಕು.

ನೀವು ಮಗುವಿನ ಹಿಂದೆ ಕೂರಿ. ಎದುರು ಕೂತರೆ ಎಡಬಲ ತಿರುವುಮುರುವಾಗಿ ಮಗು ಇನ್ನಷ್ಟು ಗೊಂದಲಪಡುತ್ತದೆ. ಕೆಳಗಿನ ಬಟನ್‌ನಿಂದ ಶುರು ಮಾಡಿ, ಅದು ಕಣ್ಣಿಗೆ ಕಾಣುತ್ತದೆ. ಕುತ್ತಿಗೆಯದ್ದು ಕೊನೆಗೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಹುಡುಗರ ಅಂಗಿಯಲ್ಲಿ ಬಟನ್ ಬಲಕ್ಕೆ, ಕಾಜಾ ಎಡಕ್ಕೆ. ಬಲಗೈಯ ಎರಡು ಬೆರಳು ಬಟನ್ನಿನ ಅಂಚನ್ನು ಹಿಡಿಯಬೇಕು, ಎಡಗೈ ಕಾಜಾದ ಪಕ್ಕದ ಬಟ್ಟೆಯನ್ನು. ಬಟನ್ ಅರ್ಧ ಹೊರಗೆ ಬಂತು ಅನ್ನಿ. ಆಗ ಎಡಗೈ ಬಟ್ಟೆ ಬಿಟ್ಟು ಬಟನ್ ಹಿಡಿಯಬೇಕು, ಬಲಗೈ ಬಟನ್ ಬಿಟ್ಟು ಕಾಜಾದ ಅಂಚು ಹಿಡಿಯಬೇಕು. ಈ ಕೈ ಬದಲಾವಣೆಯಲ್ಲೇ ಬಟನ್ ಜಾರಿ ವಾಪಸ್ ಒಳಗೆ ಹೋಗುವುದು. ಹುಡುಗಿಯರ ಅಂಗಿಯಲ್ಲಿ ಸಾಮಾನ್ಯವಾಗಿ ಎಡಬಲ ಅದಲುಬದಲು.

ಹಾಗಾಗಿ ಕೊನೆಯಿಂದ ಹಿಂದಕ್ಕೆ ಬನ್ನಿ. ಮೊದಲಿಗೆ ಎಲ್ಲ ನೀವೇ ಮಾಡಿ, ಬಟನ್ನನ್ನು ಪೂರ್ತಿ ಹೊರಗೆ ತರುವ ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡಿ. ಬಟನ್ ಪಟ್ಟನೆ ಕೂತಾಗ ಮುಗಿಸಿದ್ದು ಮಗುವೇ ಅಲ್ವಾ? ಅದು ಸಲೀಸಾದ ಮೇಲೆ ಕೈ ಬದಲಾವಣೆ, ಆಮೇಲೆ ಬಟನ್ನನ್ನು ಕಾಜಾದೊಳಗೆ ತಳ್ಳುವುದು. ತಪ್ಪಿದರೆ ಕೈ ಹಾಕಬೇಡಿ. "ಈಗ ಯಾವ ಕೈ?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. "ಬೇಗ, ಬೇಗ" ಅನ್ನಲೇಬಾರದು.

ಅಂಗಿಯ ಒಳಗೆ, ಒತ್ತಿದರೆ ಕೂರುವ ಪ್ರೆಸ್ ಬಟನ್ ಹೊಲಿಸುವುದು ಇನ್ನೊಂದು ಉಪಾಯ, ಶಾಲೆಯ ದಿನಗಳಿಗೆ ಅದನ್ನು ಖಂಡಿತ ಮಾಡಿಕೊಳ್ಳಿ. ಅದರಲ್ಲಿ ಸಣ್ಣತನವೇನೂ ಇಲ್ಲ. ರಜೆಯ ಅಭ್ಯಾಸ ಮಾತ್ರ ಬಿಡಬೇಡಿ.

ಬರೆಯುವುದು, ಚೆಂಡು ಹಿಡಿಯುವುದು, ಊಟ ಎಲ್ಲದರಲ್ಲೂ ತೊಡಕಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲು ಬರುತ್ತಿದ್ದ ಕೆಲಸ ಈಗ ಬರದಾದರೆ ಒಂದು ದಿನವೂ ಕಾಯಬೇಡಿ. ಶಾಲೆಯ ಮೂಲಕ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರನ್ನೂ ಕೇಳಬಹುದು. ಮಗುವಿಗೆ ಕಲಿಸುವ ಥೆರಪಿಸ್ಟ್ ಮಲಯಾಳ ಮಾತಾಡುವವರಾದರೆ, "ಹಿಡಿ, ತಳ್ಳು, ಎಳೆ" ಎಂದು ಮನೆಯಲ್ಲಿ ನೀವು ಹೇಳುವ ಮಾತುಗಳನ್ನು ಚೀಟಿಯಲ್ಲಿ ಅವರ ಲಿಪಿಯಲ್ಲೇ ಬರೆದು ಕೊಡಿ. ಎರಡೂ ಕಡೆ ಮಗುವಿನ ಕಿವಿಗೆ ಒಂದೇ ಮಾತು ಬೀಳಬೇಕು.